ಹೋದ ನೋವು ಮರಳುವದೋ ಎಂಬ ಅಂಜಿಕೆ

ಓದತಕ್ಕ ವೇದಭಾಗಗಳು: ಯೋಬ 3:25, 2 ಅರಸು 20:1–7, 2 ಕೊರಿಂಥ 12:7–10.



ಯೋಬನ ಗ್ರಂಥವನ್ನು ಓದುವವರು ಸಾಮಾನ್ಯವಾಗಿ ಅವನ ತಾಳ್ಮೆಯನ್ನು ನೋಡುವರು. ಅವನ ಅಂಜಿಕೆಯನ್ನು ನೋಡುವವರು ಕಡಿಮೆ. ಮೂರನೆಯ ಅಧ್ಯಾಯದ ಇಪ್ಪತ್ತೈದನೆಯ ವಚನದಲ್ಲಿ ಅವನು ಆಡುವ ಮಾತಿನ ಅರ್ಥವೇನಂದರೆ, ಈಗ ತನ್ನನ್ನು ಹಿಡಿದಿರುವ ಸಂಕಟವು ತನಗೆ ಅಪರಿಚಿತವಲ್ಲ, ಅದು ಬಹುಕಾಲದಿಂದ ತನ್ನ ಮನಸ್ಸಿನೊಳಗೆ ಹೆದರಿಕೆಯಾಗಿ ವಾಸವಾಗಿತ್ತು ಎಂಬದೇ. ಹಾಗಾದರೆ ಏಳು ಸಾವಿರ ಕುರಿಗಳೂ ಮೂರು ಸಾವಿರ ಒಂಟೆಗಳೂ ಇದ್ದ ದಿವಸಗಳಲ್ಲಿಯೂ ಆ ಮನುಷ್ಯನು ನಿಶ್ಚಿಂತೆಯಿಂದ ಮಲಗಿದವನಲ್ಲವೆಂದು ತಿಳಿಯಬೇಕು. ಮಕ್ಕಳು ಔತಣಮಾಡಿದ ಮೇಲೆಲ್ಲಾ, ಒಂದು ವೇಳೆ ಅವರು ಪಾಪಮಾಡಿದ್ದಾರೇನೋ ಎಂದು ಬೆಳಿಗ್ಗೆ ಎದ್ದು ಅವರಿಗೋಸ್ಕರ ಹೋಮಗಳನ್ನು ಅರ್ಪಿಸುತ್ತಿದ್ದನೆಂದು ಮೊದಲನೆಯ ಅಧ್ಯಾಯದಲ್ಲಿಯೇ ಬರೆದದೆ. ನೀತಿವಂತನೆಂದು ದೇವರೇ ಸಾಕ್ಷಿಕೊಟ್ಟವನ ಮನಸ್ಸಿನಲ್ಲಿಯೂ ಇಂಥ ಅಂಜಿಕೆ ಇತ್ತು. ಗ್ರಂಥದ ಕೊನೆಯ ತನಕ ಓದಿದರೂ ದೇವರು ಅದಕ್ಕಾಗಿ ಅವನನ್ನು ಗದರಿಸಿದ್ದು ಎಲ್ಲಿಯೂ ಕಾಣುವದಿಲ್ಲ. ಗದರಿಸಿಕೊಂಡವರು ಬೇರೆಯವರು, ಅವರ ವಿಷಯ ಮುಂದೆ ಬರುವದು.

ಈ ತಿಂಗಳು ನಾವು ಒಂದು ವಿಶೇಷವಾದ ಅಂಜಿಕೆಯನ್ನು ಕುರಿತು ಬರೆಯಬೇಕೆಂದಿದ್ದೇವೆ. ಅದು ರೋಗದಲ್ಲಿ ಮಲಗಿರುವವರ ಅಂಜಿಕೆಯಲ್ಲ, ರೋಗ ಬಂದು ಹೋದವರ ಅಂಜಿಕೆ. ಕೀಲುಗಳಲ್ಲಿ ಉರಿಯೂತ ಹುಟ್ಟಿ, ಬಾತು, ಬಿಸಿಯಾಗಿ, ತಿಂಗಳುಗಟ್ಟಲೆ ಮಂಡಿ ಮಣಿಕಟ್ಟುಗಳನ್ನು ಹಿಡಿದಿಟ್ಟು, ಆ ಮೇಲೆ ಮೆಲ್ಲಗೆ ಬಿಟ್ಟುಹೋದ ನೋವು ಮತ್ತೆ ಬರುವದೋ ಏನೋ ಎಂಬ ಅಂಜಿಕೆ. ಜ್ವರದಲ್ಲಿ ಬಿದ್ದವನನ್ನು ಎಲ್ಲರೂ ನೋಡಲು ಬರುವರು. ಈ ಅಂಜಿಕೆಯಲ್ಲಿ ಬಿದ್ದವನನ್ನು ನೋಡಲು ಯಾರೂ ಬರುವದಿಲ್ಲ, ಯಾಕಂದರೆ ಅವನು ಎದ್ದು ಓಡಾಡುತ್ತಿರುವನು.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. 2006ನೆಯ ಇಸವಿಯನ್ನು ಮರೆತವರು ಯಾರು? ಆ ವರ್ಷ ಕರ್ನಾಟಕದಲ್ಲಿ ಮಾತ್ರವೇ ಏಳು ಲಕ್ಷಕ್ಕೂ ಮಿಕ್ಕಿದ ಜನರಿಗೆ ಚಿಕುನ್‌ಗುನ್ಯಾ ಜ್ವರವೆಂಬ ಸಂಶಯ ದಾಖಲಾಯಿತು. ಇಡೀ ಭಾರತದಲ್ಲಿ ಹದಿಮೂರು ಲಕ್ಷಕ್ಕೂ ಹೆಚ್ಚು. ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನಮ್ಮ ರಾಜ್ಯದ್ದೇ ಆಗಿತ್ತು. ಹೆಸರಿನಲ್ಲಿ ಕೋಳಿಯ ಇಂಗ್ಲಿಷ್ ಹೆಸರು ಕೇಳಿಸುವದೆಂದು ಕೋಳಿ ತಿನ್ನುವದನ್ನು ಬಿಟ್ಟವರೂ ಉಂಟು. ನಿಜವಾಗಿ ಆ ಹೆಸರು ಆಫ್ರಿಕಾ ಖಂಡದ ಮಕೊಂಡೆ ಜನರ ಭಾಷೆಯದು. ನೋವಿನಿಂದ ಬಾಗಿ ಮುದುರಿಹೋಗುವದೆಂಬ ಅರ್ಥ ಅದಕ್ಕುಂಟು. 1952ರಲ್ಲಿ ಆಗಿನ ಟಾಂಗನಿಕದ, ಅಂದರೆ ಈಗಿನ ತಾಂಜಾನಿಯದ ದಕ್ಷಿಣ ಭಾಗದಲ್ಲಿ ಈ ಜ್ವರವು ಎದ್ದಾಗ ಅದನ್ನು ಗುರುತಿಸಿದರು. 1963ರಲ್ಲಿ ಕಲಕತ್ತೆಗೆ ಬಂತು, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಕಾಣಿಸಿತು, ಆ ಮೇಲೆ ಅಡಗಿತು. ಮೂವತ್ತಕ್ಕೂ ಮಿಕ್ಕಿದ ವರ್ಷ ಅದರ ಸುದ್ದಿಯೇ ಇರಲಿಲ್ಲ. ವೈದ್ಯರಲ್ಲಿಯೇ ಅನೇಕರು ಅದನ್ನು ಕಣ್ಣಿನಿಂದ ಕಂಡಿರಲಿಲ್ಲ. 2005ರ ಕೊನೆಗೆ ಮರಳಿತು. ಹೀಗೆ, ಹೋದದ್ದು ಮರಳುವದು ಎಂಬ ಪಾಠವನ್ನು ಆ ರೋಗವೇ ನಮ್ಮ ದೇಶಕ್ಕೆ ಕಲಿಸಿದೆ. ಅದನ್ನು ಅನುಭವಿಸಿದ ಮನುಷ್ಯನು ಅಂಜಿದರೆ ಆಶ್ಚರ್ಯವೇನು?

ಸಿದ್ದಾಪುರದ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಸಭೆಯ ಸಹೋದರಿಯೊಬ್ಬಳಿದ್ದಾಳೆ. ಹೆಸರು ಬೇಡ. 2006ರಲ್ಲಿ ಆಕೆಗೆ ಆ ಜ್ವರ ಬಂತು. ಜ್ವರವು ವಾರದೊಳಗೆ ಇಳಿಯಿತು, ಕೀಲುನೋವು ಇಳಿಯಲಿಲ್ಲ. ಮರುವರ್ಷದ ಮಳೆಗಾಲದ ತನಕ ಆಕೆ ಗೋಡೆ ಹಿಡಿದು ನಡೆದಳು. ತಲೆ ಬಾಚಿಕೊಳ್ಳುವದಕ್ಕೂ ಮಗಳ ಕೈಯೇ ಬೇಕಾಗಿತ್ತು. ಸಭೆಯವರು ಪ್ರಾರ್ಥಿಸಿದರು. ನೋವು ಹೋಯಿತು. ಆಗ ಆಕೆ ಒಂದು ಭಾನುವಾರ ಆರಾಧನೆಯಲ್ಲಿ ಎದ್ದು ನಿಂತು, ದೇವರು ತನ್ನನ್ನು ಗುಣಪಡಿಸಿದನೆಂದು ಸಾಕ್ಷಿ ಹೇಳಿ, ಒಂದು ಗೊನೆ ಬಾಳೆಯನ್ನೂ ಎರಡು ಸೇರು ಅಕ್ಕಿಯನ್ನೂ ಸ್ತೋತ್ರಕಾಣಿಕೆಯಾಗಿ ಅರ್ಪಿಸಿದಳು. ಅನೇಕ ವರ್ಷಗಳು ಚೆನ್ನಾಗಿಯೇ ಕಳೆದವು. ಕಳೆದ ಮಳೆಗಾಲದಲ್ಲಿ ನಾವು ಮನೆಭೇಟಿಗೆ ಹೋದಾಗ ಆಕೆ ಚಹಾದ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ತಂದು ಇಟ್ಟಳು, ಬೆರಳು ಮಡಿಸಲಿಲ್ಲ. ಕೂಡಲೇ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ಏನಕ್ಕಾ, ಕೈಗೆ ಏನಾಯಿತು?” ಎಂದು ಕೇಳಿದೆವು.

“ಏನಿಲ್ಲ ಉಪದೇಶಿಗಳೇ. ಮಳೆಯ ಥಂಡಿ,” ಅಂದಳು. ಸ್ವಲ್ಪ ಹೊತ್ತಿನ ಮೇಲೆ, ಒಳಗೆ ಗಂಡನಿಗೆ ಕೇಳಿಸದಂತೆ, “ಯಾರಿಗೂ ಹೇಳಬೇಡಿರಿ. ಅಷ್ಟು ಜನರ ಮುಂದೆ ನಿಂತು ಗುಣವಾಯಿತೆಂದು ಹೇಳಿದ್ದೇನೆ. ಈಗ ಮತ್ತೆ ಬಂತೆಂದರೆ ನಾನು ಆಡಿದ್ದು ಸುಳ್ಳಾಗುವದಿಲ್ಲವೋ? ಊರವರು ದೇವರ ಹೆಸರನ್ನೇ ನಗೆಮಾಡುವರು,” ಎಂದಳು.

ಪ್ರಿಯರೇ, ಈ ಮಾತಿನಲ್ಲಿ ಎರಡು ನೋವುಗಳುಂಟು. ಒಂದು ಬೆರಳಿನದು. ಇನ್ನೊಂದನ್ನು ಆಕೆಗೆ ಕೊಟ್ಟವರು ಯಾರು? ರೋಗವಲ್ಲ. ವಾಸಿಯಾದವರು ಮತ್ತೆ ರೋಗಿಗಳಾಗಲೇಬಾರದೆಂಬ ಹಾಗೆ ಸಾಕ್ಷಿಗಳನ್ನು ಕೇಳುವ ನಮ್ಮ ಸಭೆಗಳ ವಾಡಿಕೆಯೇ ಅದನ್ನು ಕೊಟ್ಟಿತು. ಆದದರಿಂದ ಮೊದಲು ಈ ಗಂಟನ್ನು ಬಿಚ್ಚೋಣ.

ಲಾಜರನನ್ನು ಕರ್ತನು ಸಮಾಧಿಯಿಂದ ಕರೆದನು. ಅದು ಸತ್ಯವಾದ ಅದ್ಭುತವೇ. ಆದರೆ ಆ ಲಾಜರನು ಈಗ ಬೇಥಾನ್ಯದಲ್ಲಿ ಮನೆಮಾಡಿಕೊಂಡು ಇಲ್ಲ. ಎಲ್ಲ ಮನುಷ್ಯರಂತೆ ಅವನೂ ಒಂದು ದಿನ ಮತ್ತೆ ಕಣ್ಣುಮುಚ್ಚಿದನು. ಇದರಿಂದ ಮೊದಲು ಎದ್ದುಬಂದದ್ದು ಸುಳ್ಳಾಯಿತೆಂದು ಯಾವ ಶಿಷ್ಯನೂ ಹೇಳಲಿಲ್ಲ. ಅರಸನಾದ ಹಿಜ್ಕೀಯನು ಮರಣಕರವಾದ ರೋಗದಲ್ಲಿ ಬಿದ್ದು ಗೋಡೆಯ ಕಡೆಗೆ ಮುಖ ತಿರುಗಿಸಿ ಅತ್ತನು. ಅವನಿಗೆ ಹದಿನೈದು ವರ್ಷಗಳು ಕೊಡಲ್ಪಟ್ಟವು. ಲೆಕ್ಕವಿಟ್ಟು ಕೊಟ್ಟ ವರ್ಷಗಳವು. ಹದಿನಾರನೆಯ ವರ್ಷ ಇಲ್ಲವೆಂದು ಹದಿನೈದು ವರ್ಷಗಳ ಕೃಪೆಯನ್ನು ಅಲ್ಲಗಳೆಯುವದುಂಟೋ? ನಮ್ಮ ಸಹೋದರಿಯು ಸಾಕ್ಷಿ ಹೇಳಿದ ದಿನ ಆಕೆಯ ಕೈ ಮಡಿಸುತ್ತಿತ್ತು, ಆಕೆಯ ಕಾಲು ನಡೆಯುತ್ತಿತ್ತು. ಆ ದಿನದ ಮಾತು ಆ ದಿನ ಸತ್ಯ. ಈ ದಿನದ ಬಾವು ಹಿಂದಕ್ಕೆ ಹೋಗಿ ಅದನ್ನು ಅಳಿಸಲಾರದು. ಮಗುವಿಗೆ ನಿನ್ನೆ ಉಣಿಸಿದ ತಾಯಿ, ಇಂದು ಮಗುವು ಹಸಿದು ಅತ್ತರೆ ನಿನ್ನೆಯ ಊಟವು ಸುಳ್ಳೆಂದು ನಾಚಿಕೊಳ್ಳುವಳೋ?

ಇನ್ನು ಅಂಜಿಕೆಯ ವಿಷಯ. ಅಂಜಬೇಡ ಎಂದು ಹೇಳುವದು ಸುಲಭ. ನಾವು ಉಪದೇಶಿಗಳು ಅದನ್ನು ಬಹಳ ಸಾರಿ ಹೇಳುತ್ತೇವೆ, ಹೇಳಿ ಛತ್ರಿ ತೆಗೆದುಕೊಂಡು ಮುಂದಿನ ಮನೆಗೆ ಹೋಗುತ್ತೇವೆ. ಆದರೆ ನಮ್ಮ ತೋಟಗಳ ಕಡೆಗೆ ನೋಡಿರಿ. ಕೊಳೆರೋಗವು ಒಂದು ಮಳೆಗಾಲದಲ್ಲಿ ಅಡಿಕೆಯನ್ನು ಉದುರಿಸಿ ಹೋದ ಮೇಲೆ, ಬೇಸಿಗೆಯಲ್ಲಿ ಮರದ ಮೇಲೆ ಅದರ ಗುರುತೇ ಕಾಣುವದಿಲ್ಲ. ಹಾಗಾದರೂ ತೋಟದವನು ನಂಬುವದಿಲ್ಲ. ಹಿಂದಿನವರು ಕರಡದ ಹುಲ್ಲಿನ ಕೊಟ್ಟೆಗಳನ್ನು ಹೆಣೆದು ಗೊನೆಗಳಿಗೆ ಕಟ್ಟುತ್ತಿದ್ದರು. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿಯಾದ ಲೆಸ್ಲಿ ಕೋಲ್ಮನ್ ಎಂಬವನು ಈ ರೋಗವನ್ನು ಪರೀಕ್ಷಿಸಿ ಬರೆದನು; ಅಂದಿನಿಂದ ಮೈಲುತುತ್ತವನ್ನೂ ಸುಣ್ಣವನ್ನೂ ಕೂಡಿಸಿದ ಬೋರ್ಡೋ ದ್ರಾವಣವು ಮಲೆನಾಡಿನಲ್ಲೆಲ್ಲಾ ಬಳಕೆಗೆ ಬಂತು. ಅದನ್ನು ಹೊಡೆಯುವದು ಯಾವಾಗ? ಕಾಯಿ ಕೊಳೆತ ಮೇಲಲ್ಲ. ಮಳೆ ಹಿಡಿಯುವದಕ್ಕೆ ಮುಂಚೆ, ಮರವು ಆರೋಗ್ಯವಾಗಿರುವಾಗ. ಆ ಮನುಷ್ಯನು ಅಂಜಿದ್ದಾನೆ. ಆದರೆ ಅವನ ಅಂಜಿಕೆಗೆ ಕೈಯುಂಟು, ಕಾಲುಂಟು, ದೋಟಿಯುಂಟು. ಮರದ ಬುಡದಲ್ಲಿ ಕೂತು ಮೇಲೆ ನೋಡುತ್ತಾ ಅಳುವದಿಲ್ಲ, ಕಾಯಿಗಳನ್ನು ದಿನಕ್ಕೆ ಹತ್ತು ಸಾರಿ ಹಿಚುಕಿ ನೋಡುವದಿಲ್ಲ. ಮದ್ದು ಹೊಡೆದ ರಾತ್ರಿ ಮಳೆಯ ಸಪ್ಪಳ ಕೇಳುತ್ತಾ ನಿದ್ರೆಮಾಡುವನು.

ಕರ್ತನು ಬೆಟ್ಟದ ಪ್ರಸಂಗದಲ್ಲಿ ನಾಳೆಯ ಚಿಂತೆಯನ್ನು ಇಂದು ಹೊರಬಾರದೆಂದು ಕಲಿಸಿದ್ದನ್ನು ನಾವು ಹೀಗೆಯೇ ತಿಳಿಯುತ್ತೇವೆ. ಇಂದಿನ ಕೆಲಸ ಇಂದಿಗೆ ಸೇರಿದ್ದು. ವೈದ್ಯನ ಬಳಿಗೆ ಹೋಗುವದು ಇಂದಿನ ಕೆಲಸ. ಮುಂದಿನ ವರ್ಷ ನಾನು ನಡೆಯುವೆನೋ ಇಲ್ಲವೋ ಎಂಬದು ಇಂದಿನ ಕೆಲಸವಲ್ಲ.

ಕೆಲವು ಸಹೋದರರು ಆಸ ಅರಸನ ದೃಷ್ಟಾಂತವನ್ನು ಎತ್ತುವರು. ಪೂರ್ವಕಾಲವೃತ್ತಾಂತದ ಎರಡನೆಯ ಗ್ರಂಥ, ಹದಿನಾರನೆಯ ಅಧ್ಯಾಯ: ಆಳಿಕೆಯ ಮೂವತ್ತೊಂಬತ್ತನೆಯ ವರ್ಷದಲ್ಲಿ ಅವನ ಪಾದಗಳಿಗೆ ಕಠಿಣವಾದ ರೋಗ ಬಂತು, ಅವನು ವೈದ್ಯರನ್ನು ಹುಡುಕಿದನೇ ಹೊರತು ಯೆಹೋವನನ್ನು ಹುಡುಕಲಿಲ್ಲ. ಇದನ್ನು ಓದಿ, ನೋಡಿರಿ, ಔಷಧ ತಕ್ಕೊಳ್ಳುವದು ಅಪನಂಬಿಕೆ, ಅನ್ನುವರು. ಹಾಗೆ ಅಲ್ಲಿ ಬರೆದಿಲ್ಲ. ದೇವರನ್ನು ಬಿಟ್ಟದ್ದು ಅವನ ತಪ್ಪು, ವೈದ್ಯರನ್ನು ಕರೆದದ್ದಲ್ಲ. ಹಿಜ್ಕೀಯನಿಗೆ ವಾಗ್ದಾನವನ್ನು ತಂದ ಯೆಶಾಯನೇ ಅದೇ ಬಾಯಿಂದ ಅಂಜೂರದ ಉಂಡೆಯನ್ನು ತಂದು ಹುಣ್ಣಿಗೆ ಕಟ್ಟಬೇಕೆಂದು ಅಪ್ಪಣೆಕೊಟ್ಟನು. ವಾಗ್ದಾನವೂ ಔಷಧವೂ ಒಂದೇ ಗಳಿಗೆಯಲ್ಲಿ ಬಂದವು. ಪೌಲನ ಸಂಗಡ ಸಂಚರಿಸಿದ ಲೂಕನು ವೈದ್ಯನೇ ಆಗಿದ್ದನು. ಪೌಲನು ಅವನನ್ನು ಪ್ರಿಯನೆಂದು ಕರೆದನಲ್ಲದೆ ಮದ್ದಿನ ಚೀಲವನ್ನು ಸಮುದ್ರಕ್ಕೆ ಎಸೆಯೆಂದು ಹೇಳಲಿಲ್ಲ.

ಹಾಗಾದರೆ ಹೋದ ನೋವು ಮರಳಿತೆಂದು ತೋರುವಾಗ ಏನು ಮಾಡತಕ್ಕದ್ದು? ವೈದ್ಯರಿಂದ ತಿಳಿದಿರುವದನ್ನು ಸರಳವಾಗಿ ಬರೆಯುತ್ತೇವೆ, ಯಾಕಂದರೆ ನಮ್ಮ ಹಳ್ಳಿಗಳಲ್ಲಿ ಅರ್ಧ ಅಂಜಿಕೆಯು ತಿಳಿಯದ್ದರಿಂದ ಹುಟ್ಟುವದು.

ಮೊದಲನೆಯದಾಗಿ, ಅಂಜಿದ ಮನಸ್ಸಿಗೆ ಒಂದೇ ಹೆಸರು ಗೊತ್ತು. ಒಮ್ಮೆ ಚಿಕುನ್‌ಗುನ್ಯಾ ಬಂದವನಿಗೆ ಹತ್ತು ವರ್ಷಗಳ ಮೇಲೆ ಮೊಣಕಾಲು ನೋಯಲಿ, ಸೊಂಟ ಹಿಡಿಯಲಿ, ಎಲ್ಲವೂ ಚಿಕುನ್‌ಗುನ್ಯಾವೇ. ಆದರೆ ಒಮ್ಮೆ ಆ ಜ್ವರ ಬಂದ ದೇಹದಲ್ಲಿ ಅದನ್ನು ಎದುರಿಸುವ ಶಕ್ತಿಯು ಬಹುಕಾಲ ಉಳಿಯುವದು. ಅದೇ ಜ್ವರವು ಎರಡನೆಯ ಸಾರಿ ಬರುವದು ಅಪರೂಪ. ಕೀಲುನೋವು ಕೆಲವರಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಬಿಟ್ಟು ಬಿಟ್ಟು ಬರುವದು ನಿಜ. ಹಲವು ವರ್ಷ ಪೂರ್ತಿಯಾಗಿ ಗುಣವಾಗಿದ್ದು ಆ ಮೇಲೆ ಬರುವ ನೋವಿಗೆ ಮಾತ್ರ ಬೇರೆ ಕಾರಣವನ್ನು ಹುಡುಕಬೇಕು. ವಯಸ್ಸಿನ ಸವೆತವಿರಬಹುದು, ಅದು ನಡೆದಷ್ಟೂ ಹೆಚ್ಚುವದು, ಕೂತರೆ ಇಳಿಯುವದು. ಆಮವಾತವಿರಬಹುದು, ಅದರಲ್ಲಿ ಎರಡೂ ಕೈಗಳ ಸಣ್ಣ ಕೀಲುಗಳು ಬಾತು, ಬೆಳಿಗ್ಗೆ ಎದ್ದಾಗ ಒಂದು ತಾಸಿನಷ್ಟು ಹೊತ್ತು ಬಿಗಿದುಕೊಂಡಿದ್ದು, ಕೆಲಸಮಾಡುತ್ತಾ ಸಡಿಲಾಗುವವು. ಕಾಲಿನ ಹೆಬ್ಬೆರಳು ಒಂದು ರಾತ್ರಿಯಲ್ಲಿ ಕೆಂಪಾಗಿ ಹೊದಿಕೆಯ ಭಾರವನ್ನೂ ತಾಳದಂತಾದರೆ ಅದು ರಕ್ತದಲ್ಲಿ ಯೂರಿಕ್ ಆಮ್ಲವು ಹೆಚ್ಚಿ ಬರುವ ಗೌಟ್ ಎಂಬ ವಾತವಿರಬಹುದು. ಇವೆಲ್ಲಕ್ಕೂ ಔಷಧಗಳು ಬೇರೆ ಬೇರೆ. ಒಂದೇ ಕೀಲು ಬಿಸಿಯಾಗಿ ಬಾತು, ಚಳಿಜ್ವರವೂ ಕೂಡಿಕೊಂಡರೆ ನಾಳೆ ನೋಡೋಣವೆನ್ನಬಾರದು; ಒಳಗೆ ಕೀವು ಆಗಿದ್ದರೆ ಕೆಲವೇ ದಿನಗಳಲ್ಲಿ ಕೀಲು ಹಾಳಾಗುವದು.

ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಗಂಟಲು ನೋವು ಬಂದು ಎರಡು ಮೂರು ವಾರಗಳಾದ ಮೇಲೆ ಮಗುವಿನ ಮೊಣಕಾಲು ಬಾತು, ಅದು ಇಳಿದು ಮಣಿಕಟ್ಟು ಬಾತು, ನೋವು ಕೀಲಿಂದ ಕೀಲಿಗೆ ಓಡಾಡಿದರೆ, ಅದು ಸಂಧಿವಾತಜ್ವರವಿರಬಹುದು. ಕೀಲುಗಳು ಗುರುತಿಲ್ಲದೆ ವಾಸಿಯಾಗುವವು. ಹೃದಯದ ಕವಾಟಗಳಿಗೆ ಆದ ಗಾಯವು ಉಳಿಯುವದು, ಮತ್ತು ಜ್ವರವು ಮರಳಿದಷ್ಟು ಸಾರಿಯೂ ಆ ಗಾಯವು ದೊಡ್ಡದಾಗುವದು. ಆದದರಿಂದಲೇ ಇಂಥ ಮಕ್ಕಳಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡುವರು. ಮಗುವು ಓಡಾಡುತ್ತದೆ, ಶಾಲೆಗೆ ಹೋಗುತ್ತದೆ, ಇನ್ನು ಯಾತಕ್ಕೆ ಬಸ್ಸಿನ ಖರ್ಚು ಎಂದು ತಂದೆತಾಯಿಗಳು ನಿಲ್ಲಿಸಿಬಿಡುವರು. ಇಲ್ಲಿ ಅಂಜದೆ ಇರುವದೇ ಅಪಾಯ. ಅಂಜಿಕೆಯೆಲ್ಲಾ ಸೈತಾನನಿಂದ ಬಂದದ್ದೆಂದು ಬೋಧಿಸುವವರು ಈ ಮಗುವಿನ ತಾಯಿಗೆ ಏನು ಹೇಳುವರೋ ತಿಳಿಯದು.

ಮಂಗನ ಕಾಯಿಲೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. 1957ರಲ್ಲಿ ನಮ್ಮ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಆ ಜ್ವರವು 2024ರ ಆರಂಭದಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಕಾಣಿಸಿತು. ತಲೆನೋವೂ ಮೈನೋವೂ ವಿಪರೀತವಾಗಿರುವವು. ಕೆಲವರಲ್ಲಿ ಜ್ವರವು ಬಿಟ್ಟು, ಒಂದೆರಡು ವಾರ ಸುಖವಾಗಿದ್ದ ಮೇಲೆ, ಎರಡನೆಯ ಸಾರಿ ಏಳುವದು. ಸೊಪ್ಪಿನಬೆಟ್ಟಕ್ಕೆ ದರಕು ಗುಡಿಸಲು ಹೋಗುವವರು ಉಣುಗು ಹತ್ತದಂತೆ ಎಣ್ಣೆ ಹಚ್ಚಿಕೊಂಡು ಹೋಗಬೇಕು. ಜ್ವರ ಬಿಟ್ಟವರು ಆ ಎರಡು ವಾರ ಮೈಮೇಲೆ ಎಚ್ಚರವಿಡಬೇಕು. ಇಷ್ಟು ಸಾಕು.

ಈಗ ಯೋಬನ ಸ್ನೇಹಿತರ ಕಡೆಗೆ ಬರೋಣ. ಅವರು ಮೊದಲು ಏಳು ದಿನ ಸುಮ್ಮನೆ ಅವನ ಸಂಗಡ ನೆಲದ ಮೇಲೆ ಕೂತರು. ಅದು ಅವರು ಮಾಡಿದ ಒಳ್ಳೆಯ ಕೆಲಸ. ಬಾಯಿತೆರೆದ ಮೇಲೆ ಕೆಟ್ಟರು. ರೋಗ ಬಂತೆಂದರೆ ಪಾಪ ಇರಲೇಬೇಕು ಅಂದರು. ದೇವರು ಗದರಿಸಿದ್ದು ಇವರನ್ನೇ. ನಮ್ಮ ನೆರೆಯ ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1974–75ರ ಸುಮಾರಿಗೆ ಬಡವರ ಮನೆಗಳಲ್ಲಿ ಸೊಂಟ ಮೊಣಕಾಲುಗಳು ನೋವಿನಿಂದ ಬಗ್ಗಿಹೋಗುವ ಒಂದು ರೋಗವು ಬೆಳಕಿಗೆ ಬಂತು. ಗದ್ದೆಯ ಏಡಿಗಳನ್ನು ತಿಂದದ್ದರಿಂದ ಬಂತೋ ಎಂದು ಮೊದಲು ಸಂಶಯಪಟ್ಟರು. ತರುವಾಯದ ಪರೀಕ್ಷೆಗಳಲ್ಲಿ ಅದು ತಂದೆತಾಯಿಗಳಿಂದ ಮಕ್ಕಳಿಗೆ ಇಳಿಯುವ ವಂಶದ ರೋಗವೆಂದು ತಿಳಿಯಿತು. ನೋಡಿರಿ, ವಿದ್ವಾಂಸರೇ ಕಾರಣವನ್ನು ಹುಡುಕಲು ಅಷ್ಟು ಕಾಲ ಬೇಕಾದಾಗ, ನಾವು ಪ್ರಾರ್ಥನಾಕೂಟದಿಂದ ಮನೆಗೆ ಹೋಗುವ ದಾರಿಯಲ್ಲಿ, ಅವಳು ದಶಮಭಾಗವನ್ನು ಸರಿಯಾಗಿ ಕೊಡುವದಿಲ್ಲ, ಅದಕ್ಕೇ ಕೈ ಬಾತಿದೆ, ಎಂದು ಒಂದು ಫರ್ಲಾಂಗು ನಡೆಯುವದರೊಳಗೆ ತೀರ್ಪುಕೊಡುತ್ತೇವೆ. ಸಹೋದರಿಯು ಸೆರಗಿನೊಳಗೆ ಕೈ ಮುಚ್ಚಿಕೊಂಡದ್ದು ನಮ್ಮ ಈ ತೀರ್ಪಿಗೆ ಹೆದರಿಯೇ.

ಹೀಗೆ ಮುಚ್ಚಿಕೊಂಡವರ ಮನೆಗೆ ಬೇರೊಬ್ಬನು ಬರುವನು. ಅವನ ಬಳಿ ಹೆಸರಿಲ್ಲದ ಗುಳಿಗೆಗಳೂ ಪುಡಿಯ ಪೊಟ್ಟಣಗಳೂ ಇರುವವು. ತಿಂದ ಎರಡನೆಯ ದಿನವೇ ನೋವು ಮಾಯ. ಅಂಥ ಪುಡಿಗಳಲ್ಲಿ ಹಲವು ಸಾರಿ ಸ್ಟೀರಾಯ್ಡ್ ಬೆರಸಿರುವದುಂಟು. ಮುಖ ಊದುವದು, ಸಕ್ಕರೆ ಏರುವದು, ಎಲುಬು ಟೊಳ್ಳಾಗುವದು. ಸಂತೆಯ ದಿನ ಅಂಗಡಿಯಿಂದ ತಾವೇ ಕೊಂಡು ತಿಂಗಳುಗಟ್ಟಲೆ ನುಂಗುವ ನೋವಿನ ಗುಳಿಗೆಗಳೂ ಸಾಧುವಲ್ಲ. ಅವು ಹೊಟ್ಟೆಯಲ್ಲಿ ಹುಣ್ಣು ಮಾಡುವವು, ಮೂತ್ರಪಿಂಡಗಳನ್ನು ಕೆಡಿಸುವವು. ಹೊಸದಾಗಿ ಜ್ವರ ಬಂದಾಗಲಂತೂ, ಅದು ಡೆಂಗ್ಯೂ ಅಲ್ಲವೆಂದು ತಿಳಿಯುವ ತನಕ, ಪ್ಯಾರಾಸಿಟಮಾಲನ್ನು ಬಿಟ್ಟು ಬೇರೆ ನೋವಿನ ಗುಳಿಗೆ ಕೂಡದು, ರಕ್ತಸ್ರಾವದ ಭಯವುಂಟು. ಶಿರಸಿಯಲ್ಲಿ ಪಂಡಿತ ಸಾರ್ವಜನಿಕ ಆಸ್ಪತ್ರೆಯಿದೆ, ಸಿದ್ದಾಪುರ ಯಲ್ಲಾಪುರಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ, ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ ಇದ್ದಾಳೆ. ಹೋಗುವ ಮುಂಚೆ ಒಂದು ಕಾಗದದ ಮೇಲೆ, ಯಾವ ಕೀಲು, ಎಷ್ಟು ದಿನದಿಂದ, ಬೆಳಿಗ್ಗೆ ಎಷ್ಟು ಹೊತ್ತು ಬಿಗಿತ, ಜ್ವರವುಂಟೋ, ಹಿಂದೆ ಯಾವ ವರ್ಷ ಏನು ಬಂದಿತ್ತು, ಈಗ ಏನೇನು ನುಂಗುತ್ತಿದ್ದೀರಿ, ಎಂಬದನ್ನು ಬರೆದುಕೊಂಡು ಹೋಗಿರಿ. ಓದು ಬಾರದವರಿಗೆ ಭಾನುವಾರಶಾಲೆಯ ಮಕ್ಕಳು ಬರೆದುಕೊಡಲಿ.

ಮನೆಯ ಸುತ್ತಲೂ ಒಂದು ಕೆಲಸವುಂಟು. ಈ ಜ್ವರವನ್ನು ಹರಡುವ, ಕಾಲುಗಳಲ್ಲಿ ಬಿಳಿಯ ಪಟ್ಟೆಗಳುಳ್ಳ ಸೊಳ್ಳೆಯು ಹಗಲಿನಲ್ಲಿ ಕಚ್ಚುವದು. ಕೊಳಚೆಯಲ್ಲಿ ಅಲ್ಲ, ತಿಳಿನೀರಿನಲ್ಲಿ ಮೊಟ್ಟೆಯಿಡುವದು. ತೋಟದಲ್ಲಿ ಬಿದ್ದ ಅಡಿಕೆಹಾಳೆಯಲ್ಲಿ ಒಂದು ಬೊಗಸೆ ಮಳೆನೀರು ನಿಂತರೆ ಅದಕ್ಕೆ ಸಾಕು. ತೆಂಗಿನ ಕರಟವೂ ಹಳೆಯ ಟೈರೂ ಹಾಗೆಯೇ. ವಾರಕ್ಕೊಮ್ಮೆ ಹಾಳೆಗಳನ್ನು ಮಗುಚಿಹಾಕಿರಿ. ನಮಗೆ ಒಮ್ಮೆ ಬಂದು ಹೋಗಿದೆ, ನಮಗೇನು, ಅನ್ನಬೇಡಿರಿ. 2006ರ ತರುವಾಯ ಹುಟ್ಟಿದ ಮಕ್ಕಳು ಮನೆಯಲ್ಲಿದ್ದಾರೆ, ಅವರಿಗೆ ಬಂದಿಲ್ಲ.

ಈಗ ಅಪೊಸ್ತಲನಾದ ಪೌಲನ ಬಳಿಗೆ ಬರುತ್ತೇವೆ. ಹಿಜ್ಕೀಯನು ಒಮ್ಮೆ ಅತ್ತನು, ಪ್ರವಾದಿಯು ಅಂಗಳವನ್ನು ದಾಟುವದರೊಳಗೆ ಉತ್ತರ ಬಂತು. ಪೌಲನು ತನ್ನ ಶರೀರದಲ್ಲಿ ನಾಟಿದ ಮುಳ್ಳಿನ ವಿಷಯದಲ್ಲಿ ಮೂರು ಸಾರಿ ಬೇಡಿಕೊಂಡನು, ಮುಳ್ಳು ಹೋಗಲಿಲ್ಲ. ಆ ಮುಳ್ಳು ಯಾವ ರೋಗವೋ ಸತ್ಯವೇದವು ಹೇಳುವದಿಲ್ಲ. ಕಣ್ಣಿನ ರೋಗ, ಮಲೇರಿಯ, ಇನ್ನೇನೇನೋ ಊಹಿಸುವರು, ಊಹೆಗಳನ್ನು ಬಿಡೋಣ. ನಾವು ನೋಡತಕ್ಕದ್ದು ಮೂರು ಎಂಬ ಆ ಲೆಕ್ಕವನ್ನು. ಮೂರು ಸಾರಿ ಬೇಡಿದನೆಂದರೆ ಮೊದಲನೆಯ ಸಾರಿಗೂ ಎರಡನೆಯ ಸಾರಿಗೂ ನಡುವೆ ಅದು ಹೋಗಿರಬಹುದೆಂಬ ನಿರೀಕ್ಷೆಯಿತ್ತು, ಅಥವಾ ಕಡಿಮೆಯಾಗಿ ಮರಳಿತ್ತು. ನಮ್ಮ ರೋಗಿಗಳಂತೆಯೇ ಅವನೂ ಬೆಳಿಗ್ಗೆ ಎದ್ದು, ಇಂದು ಇದೆಯೋ ಇಲ್ಲವೋ ಎಂದು ನೋಡಿಕೊಂಡ ದಿನಗಳಿದ್ದಿರಬೇಕು. ಅವನಿಗೆ ಕೃಪೆಯು ಸಾಕಷ್ಟು ಸಿಕ್ಕಿತು, ಮುಳ್ಳು ಕೀಳಲ್ಪಡಲಿಲ್ಲ. ಆದರೂ ಗಲಾತ್ಯದವರಿಗೆ ಬರೆಯುವಾಗ, ತಾನು ಮೊದಲನೆಯ ಸಾರಿ ಅವರಿಗೆ ಸುವಾರ್ತೆ ಸಾರಿದ್ದು ದೇಹದ ಅಸ್ವಸ್ಥತೆಯ ದೆಸೆಯಿಂದಲೇ ಎಂದು ಅವರಿಗೆ ನೆನಪುಮಾಡುತ್ತಾನೆ. ರೋಗಿಯಾದ ಬೋಧಕನನ್ನು ಆ ಜನರು ತಾತ್ಸಾರಮಾಡಲಿಲ್ಲವೆಂದೂ ಅಲ್ಲಿಯೇ ಬರೆದನು. ಈ ಕೊನೆಯ ಮಾತನ್ನು ನಾವು ನಮ್ಮ ಸಭೆಗಳಲ್ಲಿ ಹೆಚ್ಚಾಗಿ ಓದಬೇಕು. ಗಲಾತ್ಯದವರು ಬೇರೆ ವಿಷಯಗಳಲ್ಲಿ ಎಡವಿದವರು. ಇದರಲ್ಲಿ ಮಾತ್ರ ನಮಗಿಂತ ಮೇಲು.

ನಮ್ಮ ಆ ಸಹೋದರಿಯ ಸುದ್ದಿಯನ್ನು ತಿಳಿಯಬೇಕೆಂದು ನೀವು ಬಯಸುವಿರಿ. ಹೇಳಲು ಆಕೆಯೇ ಅಪ್ಪಣೆಕೊಟ್ಟಿದ್ದಾಳೆ. ಒಂದು ದಿನ ಗಂಡನಿಗೆ ತಿಳಿಸಿದಳು. ಅವನು ಬೈಯುವನೆಂದು ಅಂಜಿದ್ದಳು, ಅವನು ಬೈಯಲಿಲ್ಲ, ಮರುದಿನ ತೋಟದ ಕೆಲಸ ಬಿಟ್ಟು ಸಂಗಡ ಹೊರಟನು. ರಕ್ತಪರೀಕ್ಷೆಯಾಯಿತು. ಹಳೆಯ ನೋವು ಮರಳಿದ್ದಲ್ಲ, ಇದು ಆಮವಾತ ಅಂದರು. ಅಂದರೆ ಆಕೆಯು ಅಂಜಿದ್ದು ಬರಲಿಲ್ಲ, ಅಂಜದೆ ಇದ್ದದ್ದು ಬಂತು. ಇದು ಸಂತೋಷದ ಸುದ್ದಿಯೋ ದುಃಖದ ಸುದ್ದಿಯೋ ನಮಗೆ ಹೇಳಲಾಗದು. ಕೀಲುಗಳು ಸೊಟ್ಟಗಾಗುವದಕ್ಕೆ ಮುಂಚೆ ಹೋದದ್ದು ಒಳ್ಳೇದಾಯಿತೆಂದು ವೈದ್ಯರು ಹೇಳಿದರಂತೆ. ಮೆಥೊಟ್ರೆಕ್ಸೇಟ್ ಎಂಬ ಗುಳಿಗೆಯನ್ನು ಬರೆದುಕೊಟ್ಟಿದ್ದಾರೆ. ಅದನ್ನು ವಾರಕ್ಕೆ ಒಂದೇ ದಿನ ತಕ್ಕೊಳ್ಳಬೇಕು; ಬೇಗ ಗುಣವಾಗಲೆಂದು ದಿನಾಲೂ ನುಂಗಿದರೆ ಪ್ರಾಣಕ್ಕೇ ಬರುವದು. ಈ ಎಚ್ಚರಿಕೆಯನ್ನು ಇದೇ ಔಷಧವನ್ನು ಸೇವಿಸುವ ಎಲ್ಲರೂ ನೆನಪಿನಲ್ಲಿಡಿರಿ. ಮಕ್ಕಳಾಗಬೇಕಾದ ಹೆಂಗಸರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಯಾವ ದಿನವನ್ನು ಗೊತ್ತುಮಾಡಿಕೊಂಡಿರಿ ಎಂದು ನಾವು ಕೇಳಿದೆವು. “ಭಾನುವಾರ, ಉಪದೇಶಿಗಳೇ. ಗಂಟೆ ಬಾರಿಸಿದ್ದು ಕೇಳಿದರೆ ನೆನಪಾಗುವದು,” ಅಂದಳು.

ಆ ಮೇಲೆ ಒಂದು ಆರಾಧನೆಯ ಕೊನೆಗೆ ಪ್ರಾರ್ಥನೆಯ ವಿಷಯಗಳನ್ನು ಕೇಳಿದಾಗ ಆಕೆಯೇ ಎದ್ದು, ಕೈಗಳನ್ನು ಮುಚ್ಚಿಕೊಳ್ಳದೆ, ತನ್ನ ಬೆರಳುಗಳು ಬಾತಿವೆಯೆಂದೂ ತನಗಾಗಿ ಪ್ರಾರ್ಥಿಸಬೇಕೆಂದೂ ಹೇಳಿದಳು. ಹಿಂದಿನ ಸಾಕ್ಷಿಯ ಮಾತನ್ನು ಯಾರೂ ಎತ್ತಲಿಲ್ಲ. ಒಬ್ಬ ಮುದುಕಿ ಮಾತ್ರ, ಆಗ ಕೊಟ್ಟ ಬಾಳೆಗೊನೆಯು ಬಹಳ ರುಚಿಯಾಗಿತ್ತೆಂದು ಅಂದಳು. ಎಲ್ಲರೂ ನಕ್ಕರು, ಆಕೆಯೂ ನಕ್ಕಳು.

ಗೊನೆಕೊಯ್ಲು ಹತ್ತಿರ ಬಂದದೆ. ಮೆಟ್ಟುಗತ್ತಿಯ ಮೇಲೆ ಅಡಿಕೆಯನ್ನು ಒತ್ತುವದಕ್ಕೆ ಈ ವರ್ಷ ಆಕೆಯ ಹೆಬ್ಬೆರಳುಗಳಿಗೆ ಬಲವಿಲ್ಲ. ಸುಲಿದ ಅಳತೆಯ ಮೇಲೆ ಕೂಲಿಯಾದದರಿಂದ ಮನೆಗೆ ನಷ್ಟವೇ. ಆದದರಿಂದ ಸಭೆಯ ಇಬ್ಬರು ಸಹೋದರಿಯರು ರಾತ್ರಿ ಒಂದು ತಾಸು ಹೆಚ್ಚು ಕೂತು ಆಕೆಯ ಪಾಲನ್ನು ಸುಲಿಯುವದಾಗಿ ಒಪ್ಪಿದ್ದಾರೆ. ಆಕೆಯು ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆಯ ಬಳಿ ಕೂತು ಉರಿ ನೋಡಿಕೊಳ್ಳುವಳು. ಬೆಂಕಿಯ ಕಾವು ಕೈಗಳಿಗೂ ಹಿತವಾಗುವದೆಂದು ಹೇಳುತ್ತಾಳೆ.